ಕಾಣಿಕೆ ಕೊಟ್ಟವರ ಹೆಸರು

ಡಿಸೆಂಬರ್ ಬಂತೆಂದರೆ ನಮ್ಮ ಊರಿನ ಕ್ರೈಸ್ತರ ಕ್ರಿಸ್ಮಸ್ಸನ್ನೆಲ್ಲ ಹೊಲಿಯುವವಳು ನಾನು. ಗುಡಗೇರಿ ಸಂತೆಯಿಂದಲೋ ಹುಬ್ಬಳ್ಳಿಯಿಂದಲೋ ಸೀರೆ ತಂದವರು ನೆಟ್ಟಗೆ ನಮ್ಮ ಪಡಸಾಲೆಗೆ ಬರುತ್ತಾರೆ, ಬ್ಲೌಸ್ ಪೀಸು ನನ್ನ ಮಡಿಲಿಗೆ ಒಗೆಯುತ್ತಾರೆ, "ಸುಲೋಚನಾ, ಹಬ್ಬಕ್ಕ ಬೇಕಬೇಕವಾ, ಕಡೀಕ ಕೈ ಎತ್ತಬ್ಯಾಡ ಮತ್ತ" ಎನ್ನುತ್ತಾರೆ. ನಾನು ಟೇಪು ಹಿಡಿದು ಅವರ ಸುತ್ತ ತಿರುಗುತ್ತೇನೆ. ಹೋದ ವರ್ಷಕ್ಕಿಂತ ಯಾರು ದಪ್ಪಗಾದರು, ಯಾರು ಸೊರಗಿದರು, ಎಲ್ಲ ನನಗೆ ಗೊತ್ತು. ಆದರೆ ಅವರೆಲ್ಲ ನಾನು ಹೊಲಿದದ್ದನ್ನು ತೊಟ್ಟು ಹೋಗುವ ಆ ಹಬ್ಬಕ್ಕೆ ನಾನು ಹೋಗುತ್ತಿರಲಿಲ್ಲ.

ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಇದೇ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನನಗೆ ಗಂಡು ಮಗು ಹುಟ್ಟಿತ್ತು. ದಿನ ತುಂಬುವ ಮೊದಲೇ ಬಂದಿದ್ದ. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ, ಆಮೇಲೆ ಹೋಗಿಬಿಟ್ಟ. ಅವತ್ತು ಆಸ್ಪತ್ರೆಯ ಬಾಗಿಲಲ್ಲಿ ಬಣ್ಣದ ನಕ್ಷತ್ರ ತೂಗುಹಾಕಿದ್ದರು. ಬರಿಗೈಯಲ್ಲಿ ಅದರ ಕೆಳಗಿಂದ ಹೊರಗೆ ಬಂದೆ. ಅಂದಿನಿಂದ ಯಾರ ಮನೆಯ ಮುಂದೆ ನಕ್ಷತ್ರ ಕಂಡರೂ ನನಗೆ ಸಿಟ್ಟು ಬರುತ್ತದೆ. ಅಳು ಆಮೇಲೆ ಬರುತ್ತದೆ, ಮೊದಲು ಬರುವುದು ಸಿಟ್ಟೇ.

ಆ ಕೆಲವು ದಿನಗಳಲ್ಲಿ ನಾನೂ ನನ್ನ ಗಂಡ ಜಯವಂತನೂ ಮಗುವಿಗೆ ಒಂದು ಹೆಸರಿಟ್ಟಿದ್ದೆವು. ನರ್ಸಮ್ಮ ಒಂದು ಸಲ ಒಳಗೆ ಬಿಟ್ಟಳು. ಅವನ ಬೆರಳು ನನ್ನ ಬೆರಳನ್ನು ಹಿಡಿದಿತ್ತು, ಆಗ ಇಬ್ಬರೂ ಬಗ್ಗಿ ಆ ಹೆಸರು ಹಿಡಿದು ಕರೆದೆವು. ಮಣ್ಣು ಮಾಡಿ ಬಂದ ದಿನ ಜಯವಂತನಿಗೆ ಹೇಳಿದೆ: "ಈ ಹೆಸರು ಯಾರ ಮುಂದೂ ಹೇಳಬ್ಯಾಡ್ರಿ. ನಿಮ್ಮ ಅವ್ವನ ಮುಂದೂ ಬ್ಯಾಡ. ಅವಂದು ಅಂತ ನಮ್ಮ ಕಡೆ ಉಳದದ್ದು ಇದೊಂದ." ಆತ ನನ್ನ ತಲೆಯ ಮೇಲೆ ಕೈಯಿಟ್ಟು "ಹೇಳಂಗಿಲ್ಲ" ಎಂದ. ಆ ಹೆಸರನ್ನು ನಿಮಗೂ ಹೇಳುವುದಿಲ್ಲ, ಕೇಳಬೇಡಿ. ಗಂಡನನ್ನು ಏಕವಚನದಲ್ಲಿ ಕರೆಯುತ್ತಿದ್ದಾಳೆಂದು ಹುಬ್ಬನ್ನೂ ಏರಿಸಬೇಡಿ. ಮೊದಲು ಬಹುವಚನದಲ್ಲೇ ಕರೆಯುತ್ತಿದ್ದೆ.

ಜಯವಂತ ಪಂಪ್‌ಸೆಟ್ಟಿನ ಮೋಟರ್ ರಿಪೇರಿ ಮಾಡುತ್ತಾನೆ. ಮಗು ಹೋದ ಮೂರನೆಯ ದಿನವೇ ಅಂಗಡಿ ಬಾಗಿಲು ತೆರೆದ. ಮನೆಯಲ್ಲಿ ಅತ್ತದ್ದು ನಾನೊಬ್ಬಳೇ. "ನಿಮಗ ಅಳು ಬರಂಗಿಲ್ಲೇನ್ರಿ?" ಎಂದು ಒಂದು ಸಲ ಕೇಳಿಯೂ ಕೇಳಿದೆ. "ಅತ್ತು ಏನ್ ಮಾಡೂದೈತಿ, ಬಿಡು" ಎಂದು ಗೋಡೆಯ ಕಡೆ ಹೊರಳಿ ಮಲಗಿದ. ಒಂದೇ ಒಂದು ಸಲ ಆತ ನನ್ನ ಬಾಜೂಕ ಕುಳಿತು ಆ ಹೆಸರು ಹಿಡಿದು ಅತ್ತಿದ್ದರೆ ಸಾಕಿತ್ತು, ನಾನು ಬೇರೇನೂ ಕೇಳುತ್ತಿರಲಿಲ್ಲ. ಅಳಲಿಲ್ಲ. ಕೆಲವು ಗಂಡಸರಿಗೆ ಕಣ್ಣೀರೇ ಇರುವುದಿಲ್ಲ, ಪಾಪ, ಇವರ ಜಾತಕವೇ ಹಾಗೆ ಎಂದು ಸಮಾಧಾನ ಮಾಡಿಕೊಂಡೆ. ಕ್ರೈಸ್ತರ ಮನೆಯಲ್ಲಿ ಎಲ್ಲಿಯ ಜಾತಕ! ಆದರೂ ಹಾಗೇ ಅಂದುಕೊಂಡೆ.

ಇನ್ನು ತೊಟ್ಟಿಲಿನ ವಿಷಯ. ಚೊಚ್ಚಲು ಮಗುವಿಗೆ ತೊಟ್ಟಿಲು ತವರಿನಿಂದ ಬರಬೇಕು. ನನ್ನ ತವರು ಕಲಘಟಗಿ. ಬಣ್ಣದ ತೊಟ್ಟಿಲಿಗೆ ಹೆಸರಾದ ಊರಿನಲ್ಲಿದ್ದು ಅಪ್ಪ ಬಿಡುತ್ತಾನೆಯೇ? ನಾನು ಏಳು ತಿಂಗಳ ಬಸುರಿ ಇದ್ದಾಗಲೇ ಮಾಡಿಸಲು ಹಾಕಿದ್ದ. "ನಾವು ಯೇಸುಸ್ವಾಮಿ ಮಂದಿ, ಬುಟ್ಟಿಯೊಳಗ ತೇಲೂ ಮೋಶೆ ಕೂಸಿನ ಚಿತ್ರ ತಗೀರಿ" ಎಂದು ಕುಶಲಿಗರಿಗೆ ಹೇಳಿದ್ದನಂತೆ. ಅವರು ಪಾಪ ಮೋಶೆಯನ್ನು ಎಲ್ಲಿ ಕಂಡಿದ್ದರು? ಹೊಳೆ ಬರೆದು, ಬುಟ್ಟಿ ಬರೆದು, ಒಳಗೆ ನೀಲಿ ಮೈಯ ಕೂಸನ್ನು ಮಲಗಿಸಿ ತಲೆಗೆ ನವಿಲುಗರಿ ಸಿಕ್ಕಿಸಿದ್ದರು. ಅಪ್ಪ ತಕರಾರು ಮಾಡಿದ್ದಕ್ಕೆ ಗರಿಯ ಮೇಲೆ ಎಲೆ ಬರೆದು ಮುಚ್ಚಿದರು. ಅದನ್ನು ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಮಗು ಹೋದ ಮೇಲೆ ಅದನ್ನು ನೋಡುವುದು ನನ್ನಿಂದಾಗಲಿಲ್ಲ. "ಅಪ್ಪನ ಮನಿಗೆ ಮುಟ್ಟಿಸಿ ಬರ್ರಿ, ಅಟ್ಟದ ಮ್ಯಾಲೆ ಇಟಗೊಳ್ಳಲಿ" ಎಂದೆ. ಜಯವಂತ ಟಂಟಂ ಗಾಡಿಯಲ್ಲಿ ಹೇರಿಕೊಂಡು ಹೋದ. ಸಂಜೆ ಬಂದು "ಮುಟ್ಟಿಸಿದೆ" ಎಂದ. ಅಪ್ಪ ಅದರ ಮಾತೇ ಎತ್ತಲಿಲ್ಲ. ನನಗೆ ನೋವಾಗಬಾರದೆಂದು ಸುಮ್ಮನಿದ್ದಾನೆ ಎಂದುಕೊಂಡೆ.

ತೊಟ್ಟಿಲಿನ ಮೇಲೆ ನನಗೆ ಇಷ್ಟು ಸಿಟ್ಟು ಯಾಕೆಂದು ತಿಳಿಯಬೇಕಾದರೆ ನಮ್ಮ ಚರ್ಚಿನ ಒಂದು ಪದ್ಧತಿ ಗೊತ್ತಿರಬೇಕು. ಬೇರೆ ಕಡೆ ಕ್ರಿಸ್ಮಸ್ಸಿನ ಹಿಂದಿನ ಸಂಜೆ ಹಾಡು ಹೇಳಿ ಮೊಂಬತ್ತಿ ಹಚ್ಚುತ್ತಾರೆ. ನಮ್ಮಲ್ಲಿ ಹೆಣ್ಣುಮಕ್ಕಳು ಯೇಸುಸ್ವಾಮಿಯನ್ನು ತೊಟ್ಟಿಲಿಗೆ ಹಾಕುತ್ತಾರೆ. ಗೊಂಬೆಯೊಂದನ್ನು ಮಲಗಿಸಿ ತೂಗುತ್ತಾರೆ, ಜೋಗುಳ ಹಾಡುತ್ತಾರೆ, ಒಬ್ಬಾಕೆ ಸೋದರತ್ತೆಯ ಹಾಗೆ ಕಿವಿಯಲ್ಲಿ "ಯೇಸು" ಎಂದು ಮೂರು ಸಲ ಅನ್ನುತ್ತಾಳೆ, ಉಳಿದವರು ಅವಳ ಬೆನ್ನಿಗೆ ಗುದ್ದುತ್ತಾರೆ. ಆಮೇಲೆ ಎಲ್ಲರಿಗೂ ಬೇಯಿಸಿದ ಕಾಳಿನ ಗುಗ್ಗರಿ. ಹಿಂದೆ ಇದ್ದ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಇದೆಲ್ಲ ಸತ್ಯವೇದದಲ್ಲಿ ಇಲ್ಲವೆಂದು ಮುಖ ಸಿಂಡರಿಸಿದ್ದರು. ಮರುವರ್ಷ ಗುಗ್ಗರಿಗೆ ಕೊಬ್ಬರಿ ಕಡಿಮೆಯಾಯಿತೆಂದು ಅವರೇ ತಕರಾರು ತೆಗೆದರು. ಮೊದಲೆಲ್ಲ ನಾನೂ ಜೋರಾಗಿ ಗುದ್ದಿದವಳೇ. ಆದರೆ ಮಗ ತೊಟ್ಟಿಲನ್ನೇ ಕಾಣದೆ ಹೋದ ಮೇಲೆ ಆ ಜೋಗುಳ ಕೇಳಿಸಿಕೊಂಡು ನಿಲ್ಲುವ ಎದೆ ನನಗಿರಲಿಲ್ಲ. ಹಬ್ಬದ ಸಂಜೆ ಜಯವಂತ "ಅವ್ವನ್ನ ಚರ್ಚಿಗೆ ಬಿಟ್ಟು ಬರ್ತೀನಿ" ಎಂದು ಅತ್ತೆ ರಾಹೇಲವ್ವನನ್ನು ಕರೆದುಕೊಂಡು ಹೋಗುತ್ತಿದ್ದ. ನಾನು ಮಷಿನ್ನಿನ ಮುಂದೆ ಕುಳಿತು ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದೆ.

ಈ ಜೂನ್‌ನಲ್ಲಿ ಹೊಸ ಅಯ್ಯನವರು ಬಂದರು. ಅವರ ಹೆಂಡತಿ ನಿರ್ಮಲಾ ಅಮ್ಮನವರು ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದಾಗ ನಾನು ಮನಸ್ಸಿನಲ್ಲೇ ಸೆರಗು ಕಟ್ಟಿ ಕುಳಿತೆ. ಅವರ ಹಿಂದೆ ಬಂದವರೆಲ್ಲ ಏನು ಹೇಳಿದ್ದರು? "ದೇವರು ಮಾಡೂದೆಲ್ಲ ಒಳ್ಳೇದಕ್ಕ." "ಮತ್ತೊಂದ ಆಗ್ತೈತಿ ತಗೋ, ವಯಸ್ಸೇನ ಹೋಗೈತಿ." ಕೂಸೇನು ಒಡೆದ ಗಡಿಗೆಯೇ, ಮತ್ತೊಂದು ತಂದಿಟ್ಟುಕೊಳ್ಳಲು? ಆದರೆ ಈ ಅಮ್ಮನವರು ಅಂಥದ್ದೇನೂ ಅನ್ನಲಿಲ್ಲ. "ಭಾಳ ತ್ರಾಸ ಆಗಿರಬೇಕ್ರಿ ನಿಮಗ" ಎಂದರು. ಬಾಜೂಕ ಬಿದ್ದಿದ್ದ ಬ್ಲೌಸು ಎತ್ತಿಕೊಂಡು ಹುಕ್ಕು ಹಚ್ಚತೊಡಗಿದರು. ಹಚ್ಚಿದ ಹುಕ್ಕೆಲ್ಲ ಸೊಟ್ಟ. ಅವರು ಹೋದ ಮೇಲೆ ಬಿಚ್ಚಿ ಮತ್ತೆ ಹಚ್ಚಿದೆ. ಆದರೆ ಮುಂದಿನ ವಾರ ಅವರು ಬರುವ ಹೊತ್ತಿಗೆ ಚಹಾಕ್ಕೆ ಹಾಲು ತೆಗೆದಿಟ್ಟಿದ್ದೆ.

ನವೆಂಬರಿನ ಹೊತ್ತಿಗೆ ಅವರಿಗೆ ಎಲ್ಲ ಹೇಳಿದ್ದೆ, ಮಗನ ಹೆಸರು ಮತ್ತು ತವರಿನ ತೊಟ್ಟಿಲಿನ ಮಾತು ಬಿಟ್ಟು. ಹೆಸರು ಹೇಳುವುದಿಲ್ಲ ಎಂದೂ ಹೇಳಿದ್ದೆ. ಆಗ ಅವರು ತಮ್ಮ ವಿಚಾರ ತೆಗೆದರು. ಹಬ್ಬ ಬಂದರೆ ಎದೆ ಭಾರವಾಗುವವರು ಊರಲ್ಲಿ ನಾನೊಬ್ಬಳೇ ಅಲ್ಲ. ಹೆಂಡತಿ ಸತ್ತವರಿದ್ದಾರೆ, ಗಂಡ ಬಿಟ್ಟವರಿದ್ದಾರೆ. ಅವರಿಗಾಗಿ ಹಬ್ಬಕ್ಕೆ ಒಂದು ವಾರ ಮೊದಲು, ಒಂದು ಮಧ್ಯಾಹ್ನ, ಸಣ್ಣ ಪ್ರಾರ್ಥನೆ.

"ತೊಟ್ಟಲ ಇರಬಾರದು" ಎಂದೆ.

"ಇರಂಗಿಲ್ಲ."

"ಜೋಗುಳ ಬ್ಯಾಡ. ದೇವರು ನಿನಗ ಏನ್ ಮಾಡ್ಯಾನ, ಸಾಕ್ಷಿ ಹೇಳು ಅಂತ ಯಾರೂ ನನ್ನ ಎಬ್ಬಿಸಬಾರದು. ಹ್ಯಾಪಿ ಕ್ರಿಸ್ಮಸ್ ಅಂತ ಕೈ ಕುಲುಕಬಾರದು."

"ಕುಲುಕಂಗಿಲ್ಲ. ಹಿಂದ ಕುಂದರ್ರಿ, ಬ್ಯಾಸರಾದ್ರ ಎದ್ದು ಹೋಗ್ರಿ. ಯಾರೂ ಕೇಳಂಗಿಲ್ಲ" ಎಂದರು.

ರಾತ್ರಿ ಊಟಕ್ಕೆ ಕುಳಿತಾಗ ಹೇಳಿದರೆ ಜಯವಂತನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಬ್ಯಾಡ ಬಿಡು ಸುಲೂ. ಸುಮ್ಮನ ಯಾಕ ಮನಸ್ಸಿಗೆ ತ್ರಾಸ ಮಾಡ್ಕೊಂತಿ" ಎಂದ. ಎಷ್ಟು ಕಾಳಜಿ ನೋಡು ಇವರಿಗೆ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಈಗ ನೆನಪಾದರೆ ಮೈ ಉರಿಯುತ್ತದೆ.

ಬಾಜೂ ಮನೆಯ ಶರೀಫಾಬಿ ಮಾತ್ರ "ಹೋಗಿ ಬಾ ತಂಗಿ, ಒಳಗ ಇಟಗೊಂಡು ಎಷ್ಟು ದಿನ ಕುಂದರ್ತಿ. ಗೇಟಿನ ತನಕ ನಾ ಬರ್ತೀನಿ" ಎಂದಳು. ಬಂದಳು ಕೂಡ. ಚರ್ಚಿನ ಎದುರು ಬೇವಿನ ಕಟ್ಟೆಯ ಮೇಲೆ ಎಲೆ-ಅಡಿಕೆ ಚೀಲ ಬಿಚ್ಚಿ ಕುಳಿತು, "ಸಾವಕಾಶ ಬಾ" ಎಂದಳು.

ಪ್ರಾರ್ಥನೆ ಚೆನ್ನಾಗಿತ್ತು. ಇಲ್ಲದ್ದನ್ನು ಯಾಕೆ ಹೇಳಲಿ? ನಾವು ನಾಲ್ಕೈದು ಜನ ಇದ್ದೆವು. ಪೋಸ್ಟಿನಲ್ಲಿದ್ದು ರಿಟೈರಾದ ಸಮುವೇಲಪ್ಪ ಮುಂದೆ ಕುಳಿತಿದ್ದರು, ಹೋದ ವರ್ಷ ಹೆಂಡತಿಯನ್ನು ಕಳೆದುಕೊಂಡವರು. ಅಮ್ಮನವರು ನಕ್ಷತ್ರದ ದೀಪ ಆರಿಸಿದ್ದರು. ಎಲ್ಲರೂ ಒಂದೊಂದು ಮೊಂಬತ್ತಿ ಹಚ್ಚಿದೆವು. "ದೇವರೇ, ನಗ್ರಿ ಅಂತ ಇವರಿಗೆ ಹೇಳಬ್ಯಾಡ. ಇವರ ಬಾಜೂಕ ಬಂದು ಕುಂದ್ರು" ಎಂದು ಅಮ್ಮನವರು ಪ್ರಾರ್ಥಿಸಿದರು, ಅಷ್ಟೇ. ನನಗೆ ಅಳು ಬಂತು. ಯಾರೂ ತಿರುಗಿ ನೋಡಲಿಲ್ಲ. ಎದೆಯ ಮೇಲಿನ ಬೀಸುಕಲ್ಲು ಯಾರೋ ಸ್ವಲ್ಪ ಸರಿಸಿದ ಹಾಗಾಯಿತು. ಈ ವರ್ಷ ಹಬ್ಬದ ದಿನ ಬೆಳಗಿನ ಆರಾಧನೆಗಾದರೂ ಬರಬಹುದೇನೋ ಅನ್ನಿಸಿತು.

ಬಾಗಿಲಲ್ಲಿ ಅಮ್ಮನವರು ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ತೊಟ್ಟಲ ನಿಮ್ಮ ಕಣ್ಣಿಗೆ ಬೀಳಬಾರದಂತ ಮುಂಜಾನೇನ ಒಳಗಿನ ಖೋಲಿಗೆ ಸರಿಸೀನ್ರಿ. ಅಂಥಾದ್ದನ್ನ ದೇವರಿಗೆ ಕೊಡಾಕ ಭಾಳ ದೊಡ್ಡ ಮನಸ್ಸು ಬೇಕು" ಎಂದರು.

"ಯಾವ ತೊಟ್ಟಲ?" ಎಂದೆ.

ಅವರ ಮುಖ ನೋಡಬೇಕಿತ್ತು. ನನಗೆ ಗೊತ್ತಿಲ್ಲ ಎಂಬುದೇ ಆ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲ. ನಾನೇ ಕೊಟ್ಟಿದ್ದೇನೆ, ಕೊಟ್ಟದ್ದನ್ನು ಈಗ ನೋಡಲಾಗುತ್ತಿಲ್ಲ ಎಂದು ತಿಳಿದಿದ್ದರು. ನಾನು ಕೈ ಬಿಡಿಸಿಕೊಂಡು ಒಳಗೆ ನಡೆದೆ. "ಸುಲೋಚನಾ, ನಿಂದರ್ರಿ" ಎಂದು ಹಿಂದೆ ಓಡಿ ಬಂದರು. ಖೋಲಿಯ ಮೂಲೆಯಲ್ಲಿ ಬೆಡ್‌ಶೀಟ್ ಹೊದಿಸಿದ್ದನ್ನು ಎಳೆದೆ. ನೀಲಿ ಮೋಶೆ ಎಲೆ ತಲೆಗೆ ಸಿಕ್ಕಿಸಿಕೊಂಡು ನನ್ನ ಕಡೆ ನೋಡುತ್ತಿದ್ದ.

ನಮ್ಮ ಚರ್ಚಿನಲ್ಲಿ ಯಾರು ಏನು ಕೊಟ್ಟರೂ ಅದರ ಮೇಲೆ ಹೆಸರು ಬರೆಸುತ್ತಾರೆ. ಬೆಂಚಿನ ಬೆನ್ನಿಗೆ, ನೀರಿನ ಡ್ರಮ್ಮಿಗೆ, ಗೋಡೆ ಗಡಿಯಾರಕ್ಕೆ, ಫ್ಯಾನಿನ ರೆಕ್ಕೆಗೆ ಕೂಡ. ಕರೆಂಟು ಹೋದರೆ ಫ್ಯಾನು ಕೊಟ್ಟ ಪುಣ್ಯವಂತರು ಯಾರೆಂದು ಓದಬಹುದು. ತೊಟ್ಟಿಲಿನ ತಲೆಹಲಗೆಯ ಮೇಲೆ ಹಳದಿ ಬಣ್ಣದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಮೊದಲ ಸಾಲಿನಲ್ಲಿ ದಿವಂಗತ ಎಂದು ಬರೆದು ನನ್ನ ಮಗನ ಹೆಸರು, ಇವನ ಸ್ಮರಣಾರ್ಥ ಎಂದು. ಕೆಳಗೆ, ಕಾಣಿಕೆ: ಶ್ರೀಮತಿ ಸುಲೋಚನಾ ಮತ್ತು ಶ್ರೀ ಜಯವಂತ.

ಆ ಹೆಸರು, ಬಣ್ಣದಲ್ಲಿ, ಊರ ಮಂದಿಯೆಲ್ಲ ಓದುವ ಹಾಗೆ. ಮಣ್ಣು ಮಾಡಿ ಬಂದ ಮೇಲೆ ನಾನು ಒಂದು ದಿನವೂ ಅದನ್ನು ಬಾಯಿ ಬಿಟ್ಟು ಅಂದವಳಲ್ಲ. ಅದಕ್ಕೆ ಎಷ್ಟು ಜನ ಹಣೆ ಹಚ್ಚಿ ಮುತ್ತಿಟ್ಟಿದ್ದರೋ, ಗುಗ್ಗರಿ ತಿಂದ ಕೈ ಒರೆಸಿದ್ದರೋ! ಅಲ್ಲೇ ನೆಲಕ್ಕೆ ಕುಳಿತೆ.

ಸಮುವೇಲಪ್ಪ ನೀರಿನ ಲೋಟ ಹಿಡಿದು ಬಂದರು. ಒಳ್ಳೆಯ ಮನುಷ್ಯ, ಸಮಾಧಾನ ಮಾಡಲು ಏನಾದರೂ ಹೇಳಬೇಕೆಂದು ಹೇಳಿದರು. "ಅಳಬ್ಯಾಡ ತಂಗಿ. ನಿಮ್ಮ ಯಜಮಾನ್ರೂ ಹಿಂಗ ನೋಡು. ಪ್ರತಿ ವರ್ಷ ತೊಟ್ಟಲ ತೂಗೂ ಹೊತ್ತಿಗೆ ಈ ಹಲಗಿ ಹಿಡಕೊಂಡು, ಮಗನ ಹೆಸರು ಹಿಡದು ಸಣ್ಣ ಹುಡುಗರಂಗ ಅಳ್ತಾರ. ಹೋದ ವರ್ಷ ನಾನ ತಬ್ಬಿ ಹಿಡದು ಹೊರಗ ಕರಕೊಂಡು ಹೋಗಿದ್ದೆ. ಸಭಾದವರೆಲ್ಲ ಅವರ ಸಲುವಾಗಿ ಪ್ರಾರ್ಥನಾ ಮಾಡಿದ್ರು."

ನಾನು ನೀರು ಕುಡಿಯಲಿಲ್ಲ. "ಅಳ್ತಾರೇನ್ರಿ?" ಎಂದು ಕೇಳಿದೆ. "ಅಯ್ಯ, ನೋಡಾಕ ಆಗಂಗಿಲ್ಲ" ಎಂದರು.

ತೊಟ್ಟಿಲು ಕಂಡು ನೆಲಕ್ಕೆ ಕುಳಿತಿದ್ದೆ. ಈ ಮಾತು ಕೇಳಿ ಎದ್ದುಬಿಟ್ಟೆ. ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಶರೀಫಾಬಿ ನನ್ನ ಮುಖ ನೋಡಿ ಬಾಯಿಯ ಎಲೆ ಉಗುಳಿ ಎದ್ದಳು. ದಾರಿಯಲ್ಲಿ ಎಲ್ಲ ಹೇಳಿದೆ. "ಅಲ್ಲಾ! ಇದೇನು ಮಾಡ್ಯಾರವಾ ಇವರು" ಎಂದು ಅವಳು ಎದೆಗೆ ಕೈ ಹಚ್ಚಿಕೊಂಡಳು. "ನನಗ ಗೊತ್ತಿದ್ರ ಆ ದಿನಾನ ಬಂದು ಹೇಳ್ತಿದ್ನಿ, ನಿನ್ನಾಣಿ." ಅವಳ ಮಾತು ನಂಬಿದೆ. ಅವತ್ತು ಊರಲ್ಲಿ ನಂಬಿದ್ದು ಅವಳೊಬ್ಬಳನ್ನೇ.

ಮನೆಗೆ ಬಂದವಳೇ ಅಪ್ಪನಿಗೆ ಫೋನು ಹಚ್ಚಿದೆ. "ತೊಟ್ಟಲ ನಿನ್ನ ಕಡೆ ಬಂದಿತ್ತೇನಪ್ಪಾ?" ಎಂದರೆ ಆತ ಗಾಬರಿಯಾಗಿ "ಇಲ್ಲವಾ, ನೀನ ಇಟಗೊಂಡಿ ಅಂತ ತಿಳದಿದ್ನಿ. ಕೇಳಿದ್ರ ನಿನಗ ಸಂಕಟ ಆಗ್ತೈತಂತ ಸುಮ್ಮನಿದ್ದೆ" ಎಂದ. ಆತನಿಗೆ ಏನೂ ಬಿಡಿಸಿ ಹೇಳದೆ ಫೋನು ಇಟ್ಟೆ.

ಆಮೇಲೆ ಮಷಿನ್ನಿನ ಬಾಜೂಕ ಇದ್ದ ಬ್ಲೌಸುಗಳ ರಾಶಿ ಕಣ್ಣಿಗೆ ಬಿತ್ತು. ಕೈ ಎತ್ತಿ ನಿಂತು ಅಳತೆ ಕೊಟ್ಟವರು. "ನಡಾ ಸ್ವಲ್ಪ ಬಿಗೀ ಹಿಡಿ" ಎಂದವರು. ಆ ಹೆಸರು ಓದಿ, ಆ ತೊಟ್ಟಿಲು ತೂಗಿ, ಮರುದಿನ ನನ್ನ ಮನೆಗೆ ಕರ್ಜಿಕಾಯಿ ತಂದು ಕೊಟ್ಟವರು. ಒಬ್ಬಳಿಗಾದರೂ, ಒಂದು ದಿನವಾದರೂ, ಹೇಳಬೇಕೆಂದು ಅನ್ನಿಸಲಿಲ್ಲವೇ? ಎಲ್ಲ ಹೊರಗಿನ ಕಟ್ಟೆಯ ಮೇಲೆ ಒಗೆದೆ. ತೋಳು ಬೇರೆ, ಮೈ ಬೇರೆ, ಹೇಗಿದ್ದವೋ ಹಾಗೆ. "ಬಂದವರು ತಮ್ಮ ತಮ್ಮ ತುಂಡು ಆರಿಸಿಕೊಂಡು ಹೋಗಲಿ" ಎಂದೆ. ಈ ವರ್ಷ ನಮ್ಮ ಸಭೆಯ ಹೆಣ್ಣುಮಕ್ಕಳು ಹಳೆಯ ಬ್ಲೌಸು ತೊಟ್ಟು ಹಬ್ಬ ಮಾಡಿದರು.

ಅತ್ತೆ ಅಡಿಗೆ ಮನೆಯಿಂದ ಓಡಿ ಬಂದಳು. "ಹುಚ್ಚು ಹಿಡದೈತೇನ ನಿನಗ?"

"ತೊಟ್ಟಲ ಚರ್ಚಿನಾಗ ಐತಂತ."

ರಾಹೇಲವ್ವ ಸೆರಗು ಸರಿ ಮಾಡಿಕೊಂಡು, "ನಾನ ಕೊಡಿಸೀನಿ. ಖಾಲಿ ತೊಟ್ಟಲ ತವರಿಗೆ ಹೊಳ್ಳಿ ಕಳಸಬಾರದು. ದೇವರಿಗೆ ಕೊಟ್ಟದ್ದನ್ನ ಮತ್ತ ಕೇಳಬಾರದು" ಎಂದಳು. ಅವಳ ದೇವರ ಲೆಕ್ಕ ಅಷ್ಟೇ ಸಲೀಸು. ಅವಳ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಅವಳು ನನಗೆ ಮಾತು ಕೊಟ್ಟವಳಲ್ಲ.

ಮಾತು ಕೊಟ್ಟವನು ಸಂಜೆ ಬಂದ. ಕಟ್ಟೆಯ ಮೇಲಿನ ಬ್ಲೌಸುಗಳನ್ನು ನೋಡುತ್ತಲೇ ಅವನಿಗೆ ತಿಳಿದುಹೋಯಿತು. "ಯಾವ ತೊಟ್ಟಲ" ಎಂದು ನಾಟಕ ಮಾಡಲಿಲ್ಲ, ಅಷ್ಟು ಮಾತ್ರ ಮರ್ಯಾದೆ ಉಳಿಸಿಕೊಂಡ.

"ಕಲಘಟಗಿಗೆ ಹೊಂಟಿದ್ನಿ ಸುಲೂ. ಅವ್ವ ಹಿಂಗಂದ್ಲು. ನನಗೂ ಹೌದನಿಸ್ತು. ನಿನಗ ಹೇಳಿದ್ರ ಬ್ಯಾಡ ಅಂತಿದ್ದಿ."

"ಹೌದು, ಅಂತಿದ್ನಿ! ಅದಕ್ಕ ನನ್ನ ಕೇಳದ ನನ್ನ ಹೆಸರಿಲೆ ಕಾಣಿಕಿ ಕೊಟ್ಟಿ. ಅವನ ಹೆಸರು ಯಾಕ ಬರಿಸಿದಿ?"

"ಪೇಂಟರ್ ಕೇಳಿದ, ಯಾರ ನೆನಪಿಗೆ ಅಂತ. ಬಾಯಿಗೆ ಬಂದುಬಿಡ್ತು."

"ಮುಟ್ಟಿಸಿದೆ ಅಂದಿ. ಮೂರು ವರ್ಷ ನನ್ನ ಮುಖ ನೋಡಿ ಉಂಡಿ."

ಅವನು ತಲೆ ತಗ್ಗಿಸಿದ. ಲಗ್ನವಾದಾಗಿನಿಂದ ನಾನು ಅವನಿಗೆ 'ನೀ' ಅಂದವಳಲ್ಲ. ಅವತ್ತು ಅಂದೆ, ಅವನೂ ತಡೆಯಲಿಲ್ಲ.

"ತೊಟ್ಟಲ ಹೋಗಲಿ, ಅದು ಕಟಗಿ" ಎಂದೆ. "ಅಲ್ಲಿ ಹೋಗಿ ಅಳ್ತಿಯಂತಲ್ಲ?"

ಅವನು ಕಟ್ಟೆಯಿಂದ ಒಂದು ಬ್ಲೌಸಿನ ತೋಳು ಎತ್ತಿ ಮಡಚತೊಡಗಿದ.

"ಮನ್ಯಾಗ ಒಂದು ಹನಿ ಬರಲಿಲ್ಲ ನಿನಗ. ನಿನ್ನ ಮಗ್ಗಲದಾಗ ಮಲಗಿ ನಾ ಅಳೂವಾಗ ಗೋಡಿ ಕಡೆ ಹೊಳ್ಳಿದಿ. ಇವನಿಗೆ ಕಣ್ಣೀರ ಇಲ್ಲ ಪಾಪ ಅಂತ ನಾ ಮರುಗೀನಿ. ಊರ ಮಂದಿ ಕೊಳ್ಳಿಗೆ ಬಿದ್ದು, ಅವನ ಹೆಸರು ಹಿಡದು ಅಳಾಕ ಬರ್ತೈತಿ ನಿನಗ. ನನ್ನ ಮುಂದ ಯಾಕ ಬರಲಿಲ್ಲ?"

ಅವನು ಕಂಬಕ್ಕೆ ಆತು ಕೆಳಗೆ ಕುಳಿತ. "ನೀ ಅಳೂದು ನೋಡಿದ್ರ ನನಗ ಅಂಜಿಕಿ ಬರ್ತಿತ್ತು.  ನಾನೂ ಅತ್ರ ನಿನ್ನ ಹಿಡಿಯವರು ಯಾರು ಅನಿಸ್ತಿತ್ತು. ಅಲ್ಲಿ... ಅಲ್ಲಿ ನನ್ನ ಹಿಡಕೊಳ್ಳಾಕ ಮಂದಿ ಇದ್ರು."

"ನನ್ನ ಹಿಡಕೊಳ್ಳಾಕ ಯಾರಿದ್ರು?"

ಅವನು ಎದ್ದು ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ಅಲ್ಲೇ ಕುಳಿತು ಏನಾದರೂ ಅಂದಿದ್ದರೆ ನಾನು ಇದನ್ನು ನಿಮಗೆ ಹೇಳುತ್ತಲೂ ಇರಲಿಲ್ಲ.

ಮರುದಿನ ನಿರ್ಮಲಾ ಅಮ್ಮನವರು ಬಂದರು. ಕಣ್ಣು ಬಾತಿದ್ದವು. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತರು. "ನಾ ನಿಮ್ಮನ್ನ ಒಂದು ಮಾತು ಕೇಳಬೇಕಿತ್ರಿ. ಬರದದ್ದು ಓದಿ, ನೀವ ಕೊಟ್ಟೀರಿ ಅಂತ ತಿಳಕೊಂಡೆ. ನಂದ ತಪ್ಪು" ಎಂದರು. ದೇವರ ಚಿತ್ತ, ಸೈತಾನನ ಕೆಲಸ ಎಂದು ಯಾರ ಮೇಲೂ ಹಾಕಲಿಲ್ಲ. ನಾನು ಚಾಪೆ ಹಾಸಿದೆ.

ಈ ವರ್ಷ ತೊಟ್ಟಿಲು ಹೊರಗೆ ತೆಗೆಯುವುದಿಲ್ಲ, ಈ ತೊಟ್ಟಿಲು ಬರುವ ಮೊದಲು ತೂಗುತ್ತಿದ್ದ ಹಳೆಯ ಬಿದಿರು ಬುಟ್ಟಿಯಲ್ಲೇ ಮಲಗಿಸಿದರಾಯಿತು, ಸ್ತ್ರೀಯರ ಸಂಘದವರು ಏನಾದರೂ ಅನ್ನಲಿ, ಕೀಲಿ ತಮ್ಮ ಸೊಂಟದಲ್ಲೇ ಇದೆ ಎಂದರು. "ಹೆಸರು ಅಳಿಸಲೇನ್ರಿ? ಪೇಂಟರ್ ಬ್ಯಾಡ, ನಾನ ತಿಕ್ಕತೀನಿ" ಎಂದು ಕೇಳಿದರು.

"ಅಳಿಸಬ್ಯಾಡ್ರಿ" ಎಂದೆ. "ಒಮ್ಮೆ ಮಣ್ಣು ಮಾಡೀವಿ, ಸಾಕು."

ಅವರು ಏಳುವಾಗ, "ಹಬ್ಬದ ಸಂಜಿಮುಂದ ನಾ ನಿಮ್ಮ ಜೋಡಿ ಇಲ್ಲಿ ಕುಂದರ್ತೀನಿ. ಚರ್ಚಿಗೆ ಹೋಗಂಗಿಲ್ಲ. ನಮ್ಮ ಅಯ್ಯನವರಿಗೂ ಹೇಳೀನಿ" ಎಂದರು. ಅಯ್ಯನವರ ಹೆಂಡತಿ ಕ್ರಿಸ್ಮಸ್ ಸಂಜೆ ಚರ್ಚಿಗೆ ಹೋಗದಿದ್ದರೆ ಊರು ಏನೆನ್ನುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರ ಮೇಲೆ ಉಳಿದಿದ್ದ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು.

"ನೀವಲ್ರಿ ಅಮ್ಮನವರ" ಎಂದೆ. "ಕುಂದರಬೇಕಾದಂವ ಬ್ಯಾರೆ ಅದಾನ. ಅವನ್ನ ಕೇಳಿ ನೋಡ್ತೀನಿ."

ಕೇಳಿದೆ. ಸಿಟ್ಟು ಮಾಡಿಕೊಂಡವಳು ನಾನು, ಬೇಡಿದವಳೂ ನಾನೇ. ಹಬ್ಬದ ಸಂಜೆ ಜಯವಂತ ಮುಖ ತೊಳೆದು ಹೊಸ ಅಂಗಿ ಹಾಕಿಕೊಳ್ಳುತ್ತಿದ್ದ. ನಾನು ಹಿಂದೆ ಹೋಗಿ ನಿಂತು ಮೆತ್ತಗೆ, ಮೊದಲಿನ ಹಾಗೆ ಬಹುವಚನದಲ್ಲೇ ಮಾತಾಡಿದೆ. "ಇವತ್ತ ಹೋಗಬ್ಯಾಡ್ರಿ. ತೊಟ್ಟಲ ಹೊರಗ ತಗಿಯಂಗಿಲ್ಲ, ಅಮ್ಮನವರು ಕೀಲಿ ಹಾಕ್ಯಾರ. ಅತ್ತಿನ್ನ ಶರೀಫಾಬಿ ಬಿಟ್ಟು ಬರ್ತಾಳಂತ. ನೀವು ಇಲ್ಲೇ ಕುಂದರ್ರಿ. ನಾವಿಬ್ಬರ ಕುಂದ್ರೂಣು."

ಅವನು ಅಂಗಿಯ ಗುಂಡಿ ಹಾಕುವುದನ್ನು ಬಿಟ್ಟು ಮಂಚದ ಮೇಲೆ ಕುಳಿತ. ನಾನು ಅವನ ಬಾಜೂಕ ಕುಳಿತೆ. ಆಮೇಲೆ ನಾನೇ ಧೈರ್ಯ ಮಾಡಿ ಮಗನ ಹೆಸರು ಹಿಡಿದು ಕರೆದೆ. ಆಸ್ಪತ್ರೆ ಬಿಟ್ಟ ಮೇಲೆ ನನ್ನ ಬಾಯಿಂದ ಅದು ಬಂದದ್ದು ಅದೇ ಮೊದಲು. ಜಯವಂತನ ತುಟಿ ಅದುರಿತು. ಅಳು, ನನ್ನಪ್ಪಾ, ಅಳು, ನಾನು ಹಿಡಿದುಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಅವನ ಕೈ ಹಿಡಿದೆ.

ಅಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯಿತು. "ಜಯಾ, ಹೊತ್ತಾತು, ಬಾರೋ" ಎಂದು ಹೊರಗಿನಿಂದ ಅತ್ತೆ ಕೂಗಿದಳು.

ಅವನು ನನ್ನ ಕೈಯೊಳಗಿನಿಂದ ತನ್ನ ಕೈ ತೆಗೆದುಕೊಂಡ. "ಅವ್ವನ್ನ ಬಿಟ್ಟು ಬಂದುಬಿಡ್ತೀನಿ ಸುಲೂ. ಈಗ ಹೋದೆ, ಈಗ ಬಂದೆ" ಎಂದ. ನನ್ನ ಮುಖ ನೋಡಲಿಲ್ಲ. ಬೈಕು ಚಾಲೂ ಮಾಡಿದ ಸಪ್ಪಳ ಕೇಳಿತು.

ನಾನು ಮಂಚದ ಮೇಲೆ ಹಾಗೇ ಕುಳಿತಿದ್ದೆ. ಗಾಳಿ ಈ ಕಡೆ ಬೀಸಿದಾಗ ಜೋಗುಳ ಕೇಳಿಸಿತು. ಕಿವಿ ಮುಚ್ಚಿಕೊಳ್ಳಲಿಲ್ಲ. ಹಾಡು ಮುಗಿಯಿತು, ಹೆಣ್ಣುಮಕ್ಕಳ ನಗು ಕೇಳಿಸಿತು, ಗುದ್ದುವ ಹೊತ್ತು. ಹುಡುಗರು ಗುಗ್ಗರಿ ಮುಕ್ಕುತ್ತ ಓಣಿಯಲ್ಲಿ ಓಡಿ ಹೋದರು. ಬೈಕಿನ ಸಪ್ಪಳ ಬರಲಿಲ್ಲ. ಆಗ ಎದ್ದು ಒಲೆ ಹಚ್ಚಿ ಅಕ್ಕಿ ತೊಳೆದಿಟ್ಟೆ, ಒಬ್ಬಳಿಗೆ ಸಾಕಾಗುವಷ್ಟು. ಬಡಿಸಿಕೊಂಡು ಉಂಡೆ. ಪಾತ್ರೆ ತಿಕ್ಕಿ ಬೋರಲು ಹಾಕಿದೆ.

ಜಯವಂತ ಬಂದಾಗ ಅವನ ಕಣ್ಣು ಕೆಂಪಾಗಿ ಬಾತುಕೊಂಡಿದ್ದವು. ಹೊಸ ಅಂಗಿಯ ಭುಜ ಯಾರದೋ ಹಿಡಿತಕ್ಕೆ ಸುಕ್ಕಾಗಿತ್ತು. ಅಡಿಗೆ ಮನೆಯ ಬಾಗಿಲಲ್ಲಿ ನಿಂತು ಬೋರಲು ಹಾಕಿದ ಪಾತ್ರೆಗಳನ್ನು ನೋಡಿದ, ನನ್ನನ್ನು ನೋಡಿದ.

"ಊಟಕ್ಕ ಏನೂ ಇಲ್ಲೇನ?" ಎಂದು ಕೇಳಿದ.

"ಎಲ್ಲಿ ಅತ್ತು ಬಂದಿ, ಅಲ್ಲೇ ಉಂಡು ಬಾ" ಎಂದೆ.